ಸುಮಾರು

ನನ್ನ ಕೆಲಸ ಕಡತ ತರುವುದು, ಓದುವುದಲ್ಲ.
ಲಂಡನ್ನಿನ ಅಂಚು, ಕ್ಯೂ; ಇಲ್ಲಿನ ದಫ್ತರಖಾನೆಯಲ್ಲಿ
ಹದಿನೇಳು ವರ್ಷದಿಂದ ಗಾಡಿ ತಳ್ಳುತ್ತೇನೆ.
ಒಂದು ಚಕ್ರ ಕಿರುಗುಟ್ಟುತ್ತದೆ, ಎಣ್ಣೆ ಬಿಟ್ಟರೂ.
ಮೊನ್ನೆ ಮಂಗಳವಾರ
ಕೇಳಿದವರು ಬರಲೇ ಇಲ್ಲ. ದಾರ ಸಡಿಲಿತ್ತು.
ಓದಿದೆ.

ಸಾವಿರದ ಒಂಬೈನೂರ ಮೂವತ್ತಾರು, ನವೆಂಬರ್.
ವೈಟ್‌ಹಾಲಿನ ಒಂದು ಕೋಣೆ. ಹೊರಗೆ ಮಂಜು,
ಒಳಗೆ ಚುರುಟಿನ ಹೊಗೆ. ಹಾಗೆಂದು ಬರೆದಿಲ್ಲ,
ಕಾಗದ ಇನ್ನೂ ಕಮಟು ನಾರುತ್ತದೆ.
ಈ ಕಡೆ ವಿಮಾನ ಖಾತೆಯ ಪೆಲ್ಯಾಮ್-ವೇರ್ ಸಾಹೇಬರು,
ಆ ಕಡೆ ಅಮೆರಿಕದ ಕಂಪನಿಯ ಲುಂಡ್‌ಕ್ವಿಸ್ಟ್.
ನಡುವೆ ಮೇಜಿನ ತುಂಬ ಪೆಸಿಫಿಕ್ಕು,
ಸುರುಳಿಕೊಳ್ಳದ ಹಾಗೆ ನಾಲ್ಕು ಮೂಲೆಗೆ ಮಸಿಕುಡಿಕೆ.

ಅವರ ಬಳಿ ಹಾರುವ ದೋಣಿ ಇತ್ತು,
ಇಳಿಯಲು ನೀರಿರಲಿಲ್ಲ.
ಇವರ ಬಳಿ ನೀರಿತ್ತು, ದ್ವೀಪವಿತ್ತು, ಬಾವುಟವಿತ್ತು;
ಅಷ್ಟು ದೂರ ಹೋಗಬಲ್ಲ ದೋಣಿ ಮಾತ್ರ
ಕಾರ್ಖಾನೆಯಲ್ಲಿ ರೆಕ್ಕೆಯಿಲ್ಲದೆ ಮಲಗಿತ್ತು.
ಹಾಗಾಗಿ ಕಲಂ ಏಳು:
ನಮ್ಮದು ಹಾರುವ ತನಕ ನಿಮ್ಮದೂ ಹಾರಕೂಡದು.
ಕೂಸು ಹುಟ್ಟುವ ಮುಂಚೆ ಕುಲಾವಿ, ಅನ್ನುತ್ತಿದ್ದಳು ನನ್ನಜ್ಜಿ.
ಇದು ಅದಕ್ಕಿಂತ ಒಂದು ಕೈ ಮೇಲು:
ಪಕ್ಕದ ಮನೆಯ ತುಂಬು ಬಸುರಿಗೆ
ತಡಿ, ಮೊದಲು ನನಗೆ ನೋವು ಬರಲಿ ಅಂದ ಹಾಗೆ.

ಹನ್ನೊಂದು ದಿನ ಎಳೆದಾಡಿದರು.
ಇವರು ಹೊನೊಲುಲು ಕೇಳಿದರು, ಅವರಿಗೆ ಕೇಳಿಸಲಿಲ್ಲ.
ಅಂಚೆಚೀಲ ಎಷ್ಟು ಪೌಂಡು, ಯಾರ ಸ್ಟಾಂಪು,
ರಾತ್ರಿ ತಂಗುವವರ ಹಾಸಿಗೆಗೆ ಸುಂಕ ಉಂಟೋ ಇಲ್ಲವೋ.
ನಡುವೆ ಊಟದ ಬಿಲ್ಲೊಂದು ಲಗತ್ತು:
ಕುರಿಯ ಪಕ್ಕೆಲುಬು ಆರು, ಸೇಬಿನ ಕಡುಬು ಐದು.
ಯಾರೋ ಒಬ್ಬರು ಕಡುಬು ಬೇಡವೆಂದಿದ್ದಾರೆ.
ಯಾರಿರಬಹುದೆಂದು ಬಹಳ ಹೊತ್ತು ಯೋಚಿಸಿದೆ.

ಕೊನೆಗೆ ದ್ವೀಪದ ತಪಶೀಲು.
ವೈತೂರಾ. ಹವಳದ ಬಳೆ, ಒಳಗೆ ಕೊಳ.
ಕೊಳದ ಉದ್ದ ಎರಡು ಮೈಲಿ ನೂರ ನಲವತ್ತು ಗಜ.
ಆಳ, ಇಳಿತದ ಹೊತ್ತಿಗೆ, ಏಳಡಿ ನಾಲ್ಕಂಗುಲ.
ಗಾಳಿ ಆಗ್ನೇಯ, ಹತ್ತು ತಿಂಗಳು.
ಸಿಹಿನೀರಿನ ತೊಟ್ಟಿ ಒಂದು, ಬಿರುಕು ಬಿಟ್ಟದ್ದು.
ತೊಟ್ಟಿಯ ಕೆಳಗಿನ ಸಾಲು: ಜನ, ಸುಮಾರು ಇನ್ನೂರು.

ನೀರಿಗೆ ಅಂಗುಲ, ಜನಕ್ಕೆ ಸುಮಾರು.
ಆ ಪದದ ಮೇಲೆ ಬೆರಳಿಟ್ಟೆ. ಇಡಬಾರದು, ನಿಯಮವಿದೆ.
ಸಾರು ಹೇಗಿದೆ ಅಂದಾಗ ಸುಮಾರು ಅಂದರೆ
ಬಡಿಸಿದವಳ ಮುಖ ಬಾಡುತ್ತದೆ.
ಮದುವೆಗೆ ಸುಮಾರು ಜನ ಅಂದರೆ ಎಲೆ ಸಾಲದು.
ಪೆಲ್ಯಾಮ್-ವೇರರ ಸುಮಾರು ಇವೆರಡೂ ಅಲ್ಲ,
ಕನ್ನಡಕ ತೆಗೆದು ಒರೆಸುವಾಗ ಕಂಡಷ್ಟು.

ಕಡತದ ಬೆನ್ನಿಗಂಟಿ ಒಂದು ಪತ್ರ.
ದುಂಡಗಿನ ಕೈಬರಹ, ಮಕ್ಕಳಿಗೆ ಪಾಠ ಹೇಳುವವರದು.
ಭಾಷೆ ಇಂಗ್ಲಿಷಲ್ಲ, ನನಗೆ ತಿಳಿದ ಇನ್ನಾವುದೂ ಅಲ್ಲ.
ಸಹಿ ಓದಬಲ್ಲೆ: ಟೆಕಿನೇನೆ.
ಅಂಕಿ ಓದಬಲ್ಲೆ: ೨೦೭. ಎರಡು ಸಲ ಬರೆದಿದೆ,
ಎರಡನೇ ಸಲ ಅಡಿಗೆರೆ.
ಪಕ್ಕದಲ್ಲಿ ಕಲ್ಲು ಜೋಡಿಸಿದ ಮೀನುಗೂಡಿನ ಚಿತ್ರ.
ಇನ್ನೂರೇಳು ಏನು? ಮಾರೋ, ತೆಂಗೋ, ಶಿಲ್ಲಿಂಗೋ.
ಮೂಲೆಯಲ್ಲಿ ನೀಲಿ ಪೆನ್ಸಿಲು: ಅನುವಾದವಾಗಲಿ.
ಮುಂದಿನ ಹಾಳೆ
ತೇಲುಬುರುಡೆಗೆ ಬಳಿಯುವ ಬಣ್ಣದ ಕುರಿತು.

ನಾನೂ ಒಮ್ಮೆ ಇಳಿದವಳು.
ಹೀಥ್ರೂವಿನಲ್ಲಿ ಚೀಟಿ ತುಂಬಿದ್ದೆ: ಹೆಸರು, ಎಷ್ಟು ದಿನ, ಯಾಕೆ.
ಯಾಕೆ ಎಂಬುದಕ್ಕೆ ಒಂದೂವರೆ ಅಂಗುಲ ಜಾಗ.
ನನ್ನ ಅಕ್ಷರ ಗೆರೆ ದಾಟಿ ಚೆಲ್ಲಿತ್ತು;
ಅವನು ನೋಡಲಿಲ್ಲ, ಠಸ್ಸೆ ಒತ್ತಿದ.

ಒಪ್ಪಂದಕ್ಕೆ ರುಜು ಬಿತ್ತು.
ವೈತೂರಾದಲ್ಲಿ ಕೊನೆಗೂ ಯಾವ ವಿಮಾನವೂ ಇಳಿಯಲಿಲ್ಲ;
ಯುದ್ಧ ಬಂತು, ಆಮೇಲೆ ಬಂದ ಯಂತ್ರಗಳಿಗೆ
ನಡುದಾರಿಯಲ್ಲಿ ಕೂರುವ ದಣಿವಿರಲಿಲ್ಲ.
ಬುರುಡೆಗೆ ಹಳದಿ ಬಳಿದದ್ದಕ್ಕೆ ರಸೀದಿ ಇದೆ.

ನಮ್ಮ ಮಾಡಿನ ಮೇಲೆ ಎರಡು ನಿಮಿಷಕ್ಕೊಂದು
ಗಾಲಿ ಇಳಿಬಿಟ್ಟುಕೊಂಡು ಹೋಗುತ್ತವೆ.
ಗಾಜು ತುಸು ಅದುರುತ್ತದೆ, ಓದುವವರು ತಲೆಯೆತ್ತುವುದಿಲ್ಲ.
ಪತ್ರವನ್ನು ತಪಶೀಲಿನ ಪಕ್ಕಕ್ಕಿಟ್ಟು ನೋಡಿದೆ,
ಮತ್ತೆ ತೆಗೆದು ಬೆನ್ನಿಗೇ ಇಟ್ಟೆ. ಕ್ರಮ ಕೆಡಿಸಬಾರದು.
ದಾರ ಬಿಗಿದು ಗಾಡಿ ತಳ್ಳಿದೆ,
ಇನ್ನೂರೇಳು, ಇನ್ನೂರೇಳು ಅಂದುಕೊಳ್ಳುತ್ತ,
ಏನೆಂದು ಗೊತ್ತಿಲ್ಲದೆ.